ಮಂಗಳೂರಿನ ಹಳೇ ಚರ್ಚುಗಳು: ಒಂದೇ ಇಸವಿಯಲ್ಲಿ ಮುಗಿಯದ ಕತೆ

ಟಿಪ್ಪು ಜಗಳ ಎದ್ದಾಗಲೆಲ್ಲ ಮಂಗಳೂರಿನ ಚರ್ಚುಗಳು ವಾಟ್ಸಾಪ್‌ನಲ್ಲಿ ಓಡಾಡತೊಡಗುತ್ತವೆ. ಒಂದು ಕಡೆಯವರಿಗೆ 1784 ಬಿಟ್ಟರೆ ಬೇರೆ ಇಸವಿ ಇಲ್ಲ. ಇನ್ನೊಂದು ಕಡೆಯವರು ಆ ಇಸವಿಯನ್ನೇ ಹಾರಿಸಿಬಿಡುತ್ತಾರೆ. ಎಂಜಿನಿಯರಿಂಗ್ ಓದಿದ ನನಗೆ ವಾದಕ್ಕಿಂತ ಮೊದಲು ಕಟ್ಟಡ ನೋಡುವ ಚಾಳಿ. ಈ ಚರ್ಚುಗಳ ವಿಷಯದಲ್ಲಿ ಅದು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ.

ರೊಸಾರಿಯೊ ಕೆಥೆಡ್ರಲ್ ಶುರುವಾಗಿದ್ದು ಪೋರ್ಚುಗೀಸರ ಕಾಲದಲ್ಲಿ, 1568ರಲ್ಲಿ. ಆದರೆ ಇವತ್ತು ನೀವು ನೋಡುವ ದೊಡ್ಡ ಗುಮ್ಮಟದ ಕಟ್ಟಡ ಎದ್ದಿದ್ದು 1910ರ ದಶಕದಲ್ಲಿ. ಹಂಪನಕಟ್ಟೆಯ ಮಿಲಾಗ್ರಿಸ್ ಚರ್ಚು 1680ರದ್ದು, ಈಗಿನ ಕಟ್ಟಡ 1911ರದ್ದು. ಚರ್ಚಿನ ವಯಸ್ಸು ಒಂದು, ಗೋಡೆಯ ವಯಸ್ಸು ಇನ್ನೊಂದು. ಈ ಅಂತರದಲ್ಲೇ ಊರಿನ ಇತಿಹಾಸ ಇದೆ.

ಮೊದಲು, ಇಲ್ಲಿನ ಕ್ಯಾಥೊಲಿಕರು ಯಾರು? ಬಹುಪಾಲು ಗೋವಾದಿಂದ ಬಂದ ಕೊಂಕಣಿಗರು. 1560ರಲ್ಲಿ ಅಲ್ಲಿ ಪೋರ್ಚುಗೀಸರ ಇಂಕ್ವಿಸಿಷನ್, ಅಂದರೆ ಧಾರ್ಮಿಕ ವಿಚಾರಣಾ ನ್ಯಾಯಾಲಯ, ಶುರುವಾಯಿತು. ಮತಾಂತರವಾದ ಮೇಲೂ ಹಳೇ ಪದ್ಧತಿ ಬಿಡದವರು ಅದರ ಕಣ್ಣಿಗೆ ಬಿದ್ದರು. ಆ ಕಾಟ, ಜೊತೆಗೆ ಯುದ್ಧ, ಬರ. ಜನ ದಕ್ಷಿಣಕ್ಕೆ ಬಂದರು. 'ಪೋರ್ಚುಗೀಸರ ಕಡೆಯವರು' ಅಂತ ಇವರನ್ನು ಸಲೀಸಾಗಿ ಕರೆಯುವ ಮುಂಚೆ, ಅವರಲ್ಲಿ ಎಷ್ಟೋ ಮಂದಿ ಪೋರ್ಚುಗೀಸರ ಕಾಟಕ್ಕೇ ಊರು ಬಿಟ್ಟವರು ಅನ್ನೋದು ನೆನಪಿರಲಿ.

ಇಲ್ಲಿ ಅವರಿಗೆ ನೆಲೆ ಕೊಟ್ಟಿದ್ದು ಕೆಳದಿ ಅರಸರು. ಮಿಲಾಗ್ರಿಸ್ ಚರ್ಚಿಗೆ ಜಾಗ ಕೊಟ್ಟವಳು ಕೆಳದಿ ಚೆನ್ನಮ್ಮ. ಹೌದು, ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೈನ್ಯವನ್ನು ಎದುರಿಸಿದ ಅದೇ ಚೆನ್ನಮ್ಮ.

ಆಮೇಲೆ 1784. ಎರಡನೇ ಆಂಗ್ಲೋ-ಮೈಸೂರು ಯುದ್ಧದಲ್ಲಿ ಬ್ರಿಟಿಷರಿಗೆ ನೆರವಾದರು ಅನ್ನೋ ಆರೋಪದ ಮೇಲೆ ಟಿಪ್ಪು ಇಡೀ ಸಮುದಾಯವನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದ. ಎಷ್ಟು ಜನ ಅನ್ನೋದರ ಬಗ್ಗೆ ಚರ್ಚೆ ಇದೆ, ನಡೆದದ್ದರ ಬಗ್ಗೆ ಇಲ್ಲ. ಚರ್ಚುಗಳು ನೆಲಸಮವಾದವು. ಬದುಕುಳಿದವರು ವಾಪಸ್ ಬಂದಿದ್ದು 1799ರಲ್ಲಿ ಟಿಪ್ಪು ಸತ್ತ ನಂತರ. ಮುರಿದ ಚರ್ಚುಗಳನ್ನು ಒಂದೊಂದಾಗಿ ಮತ್ತೆ ಕಟ್ಟಿದರು.

ಈಗ ಕಟ್ಟಡದ ಮಾತು. ಕರಾವಳಿಯ ಕಲ್ಲು ಮುರಕಲ್ಲು. ನೆಲದಿಂದ ತೆಗೆಯುವಾಗ ಮೆತ್ತಗೆ, ಗಾಳಿಗೆ ಬಿಟ್ಟರೆ ಗಟ್ಟಿ. ವರ್ಷಕ್ಕೆ 3,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುವ ಊರಲ್ಲಿ ಅದಕ್ಕೆ ಗಾರೆಯ ಹೊದಿಕೆ ಬೇಕು, ಇಳಿಜಾರು ಸೂರು ಬೇಕು. ಸೂರಿಗೆ ಮಂಗಳೂರು ಹಂಚು. 1865ರಲ್ಲಿ ಇಲ್ಲಿ ಅದರ ಕಾರ್ಖಾನೆ ಶುರುಮಾಡಿದ್ದು ಬಾಸೆಲ್ ಮಿಷನ್, ಅಂದರೆ ಪ್ರೊಟೆಸ್ಟಂಟರು! ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್‌ಗೆ ಹೋದರೆ ತಲೆ ಎತ್ತಿ ನೋಡಿ. ಇಟಲಿಯ ಜೆಸ್ವಿಟ್ ಸಹೋದರ ಅಂತೋನಿಯೊ ಮೊಸ್ಕೇನಿ 1899ರಿಂದ ಎರಡು ವರ್ಷ ಅಲ್ಲಿ ಚಿತ್ರ ಬರೆದ. ಫ್ರೆಸ್ಕೊ ಅಂದರೆ ಹಸಿ ಸುಣ್ಣದ ಗಾರೆಯ ಮೇಲೆ ಬಣ್ಣ ಹಚ್ಚೋದು. ಗಾರೆ ಒಣಗುವಷ್ಟರಲ್ಲಿ ಆ ಭಾಗ ಮುಗಿಸಬೇಕು. ಬಣ್ಣ ಗೋಡೆಯಲ್ಲೇ ಸೇರಿಹೋಗುತ್ತದೆ. ಹಾಗಾಗಿ ಗೋಡೆಗೆ ನೀರಿಳಿದರೆ ಚಿತ್ರವೂ ಹಾಳು.

ಗೋವಾದ ಭಾಷೆ, ಕೆಳದಿಯ ಜಾಗ, ಕರಾವಳಿಯ ಕಲ್ಲು, ಇಟಲಿಯ ಕುಂಚ. ಇದರಲ್ಲಿ ಯಾವುದನ್ನು 'ಹೊರಗಿನದ್ದು' ಅಂತ ಬೇರ್ಪಡಿಸುತ್ತೀರಿ?

2008ರ ಸೆಪ್ಟೆಂಬರ್‌ನಲ್ಲಿ ಮಿಲಾಗ್ರಿಸ್ ಬಳಿಯ ಸನ್ಯಾಸಿನಿಯರ ಪ್ರಾರ್ಥನಾಲಯಕ್ಕೆ ಗುಂಪು ನುಗ್ಗಿತು. ಜಿಲ್ಲೆಯ ಹಲವು ಚರ್ಚುಗಳ ಮೇಲೆ ದಾಳಿಯಾಯಿತು. ಟಿಪ್ಪುವನ್ನು ಬೈಯಲು 1784ನ್ನು ಎತ್ತುವ ಎಷ್ಟೋ ಜನರ ಬಾಯಲ್ಲಿ ಈ ಇಸವಿ ಬರುವುದೇ ಇಲ್ಲ. 2008ರ ಬಗ್ಗೆ ಸರಿಯಾಗಿಯೇ ಸಿಟ್ಟಾಗುವ ನಮ್ಮಲ್ಲಿ ಹಲವರು 1784 ಬಂದಾಗ ಮಾತು ಬದಲಿಸುತ್ತೇವೆ. ಎರಡೂ ಸಲ ಪೆಟ್ಟು ತಿಂದದ್ದು ಅದೇ ಸಮುದಾಯ. ಅವರ ನೋವು ಯಾರ ಚುನಾವಣೆಗೂ ಸರಕಲ್ಲ.

ಮುಂದಿನ ಸಲ ಯಾರಾದರೂ ಒಂದೇ ಇಸವಿ ಹಿಡಿದು ವಾದಕ್ಕೆ ಬಂದರೆ, ಉಳಿದವನ್ನೂ ಕೇಳಿ: 1560, 1680, 1784, 1799, 2008.