ಹಳೆಯ ಕಾರಿನ ಆರೈಕೆ

ಯಂತ್ರವು ಮನುಷ್ಯನ ಶ್ರಮವನ್ನು ಹಗುರಗೊಳಿಸುತ್ತದೆ. ಆದರೆ ಯಂತ್ರವನ್ನು ಸುಸ್ಥಿತಿಯಲ್ಲಿಡುವ ಶ್ರಮವನ್ನು ಮನುಷ್ಯನೇ ವಹಿಸಬೇಕಾಗುತ್ತದೆ. ಈ ಮಾತಿಗೆ ಪ್ರೀಮಿಯರ್ ಪದ್ಮಿನಿ ಎಂಬ ಚಿಕ್ಕ ಕಾರು ಒಳ್ಳೆಯ ನಿದರ್ಶನ.

ನಮ್ಮ ದೇಶದಲ್ಲಿಯೇ ಕಾರುಗಳು ತಯಾರಾಗಬೇಕೆಂದು 1930ರ ದಶಕದಲ್ಲಿ ಬಹುವಾಗಿ ಶ್ರಮಿಸಿದವರು ಸರ್ ಎಂ. ವಿಶ್ವೇಶ್ವರಯ್ಯನವರು. ಈ ಯತ್ನದಲ್ಲಿ ಅವರ ಜೊತೆಗೂಡಿದ ಉದ್ಯಮಿ ವಾಲ್‌ಚಂದ್ ಹೀರಾಚಂದರು 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಸಂಸ್ಥೆಯನ್ನು ಕಟ್ಟಿದರು. ಇಟಲಿಯ ಫಿಯೆಟ್ ಕಾರಿನ ಮಾದರಿಯಲ್ಲಿ ಈ ಸಂಸ್ಥೆಯು 1964ರಲ್ಲಿ ಹೊರತಂದ ಕಾರಿಗೆ 1970ರ ದಶಕದಲ್ಲಿ ಪದ್ಮಿನಿ ಎಂಬ ಹೆಸರು ಬಂದಿತು. ಸುಮಾರು 2000ದ ಹೊತ್ತಿಗೆ ಅದರ ತಯಾರಿಕೆ ನಿಂತಿತು. 2023ರ ಅಕ್ಟೋಬರಿನಲ್ಲಿ ಮುಂಬಯಿಯ ಟ್ಯಾಕ್ಸಿಗಳ ಸಾಲಿನಿಂದಲೂ ಅದು ಮರೆಯಾಯಿತು. ಆದರೂ ಹಿರಿಯರಿಂದ ಬಂದ ಆಸ್ತಿಯಂತೆ ಅದನ್ನು ಮನೆಯಂಗಳದಲ್ಲಿ ಜೋಪಾನವಾಗಿ ಉಳಿಸಿಕೊಂಡವರು ಇಂದಿಗೂ ಇದ್ದಾರೆ.

ಇಷ್ಟು ಹಳೆಯ ಕಾರನ್ನು ಮನೆಯಲ್ಲಿಯೇ ನೋಡಿಕೊಳ್ಳಲು ಸಾಧ್ಯವಾಗುವುದು ಅದರ ರಚನೆಯ ಸರಳತೆಯಿಂದ. ಇಂದಿನ ಕಾರುಗಳ ಇಂಜಿನ್ನನ್ನು ಗಣಕಯಂತ್ರವು ನಿಯಂತ್ರಿಸುತ್ತದೆ. ದೋಷವನ್ನು ಪತ್ತೆಮಾಡುವುದಕ್ಕೂ ಮತ್ತೊಂದು ಉಪಕರಣ ಬೇಕು. ಪದ್ಮಿನಿಯ 1089 ಘನ ಸೆಂಟಿಮೀಟರ್ ಗಾತ್ರದ, ನಾಲ್ಕು ಸಿಲಿಂಡರುಗಳ ಇಂಜಿನ್ನಿಗೆ ಅಂತಹ ನಿಯಂತ್ರಣವಿಲ್ಲ. ಬಾನೆಟ್ಟನ್ನು ಎತ್ತಿದರೆ ಅದರ ಮುಖ್ಯ ಭಾಗಗಳೆಲ್ಲ ಕಣ್ಣಿಗೆ ಕಾಣುತ್ತವೆ, ಕೈಗೆ ಎಟಕುತ್ತವೆ.

ಇಂಜಿನ್ನು ಓಡಲು ಮುಖ್ಯವಾಗಿ ಬೇಕಾದುವು ಎರಡು: ಗಾಳಿಯೊಡನೆ ಹದವಾಗಿ ಬೆರೆತ ಪೆಟ್ರೋಲು ಮತ್ತು ಸಕಾಲದಲ್ಲಿ ಹಾರುವ ಕಿಡಿ. ಪೆಟ್ರೋಲನ್ನು ಬೆರೆಸುವ ಅಂಗವೇ ಕಾರ್ಬ್ಯುರೇಟರು. ಅದರ ಇಕ್ಕಟ್ಟಾದ ಕಂಠದಲ್ಲಿ ಗಾಳಿಯು ವೇಗವಾಗಿ ನುಗ್ಗುವಾಗ ಅಲ್ಲಿ ಒತ್ತಡ ಕುಗ್ಗುತ್ತದೆ. ಆಗ ಜೆಟ್ ಎಂಬ ಸಣ್ಣ ರಂಧ್ರದಿಂದ ಪೆಟ್ರೋಲು ಮೇಲಕ್ಕೆ ಸೆಳೆಯಲ್ಪಟ್ಟು ಗಾಳಿಯಲ್ಲಿ ಬೆರೆಯುತ್ತದೆ. ಕಿಡಿಯನ್ನು ಸಿಲಿಂಡರುಗಳಿಗೆ ಹಂಚುವುದು ಡಿಸ್ಟ್ರಿಬ್ಯೂಟರಿನ ಕೆಲಸ. ಅದು ಒಂದು, ಮೂರು, ನಾಲ್ಕು, ಎರಡು ಎಂಬ ಕ್ರಮದಲ್ಲಿ ಕಿಡಿಯನ್ನು ಕಳುಹಿಸುತ್ತದೆ. ಬಿಚ್ಚಿದ ತಂತಿಗಳನ್ನು ಈ ಕ್ರಮ ತಪ್ಪಿಸಿ ಜೋಡಿಸಿದರೆ ಇಂಜಿನ್ನು ಸರಿಯಾಗಿ ಓಡದು.

ಬಯಲುಸೀಮೆಯ ಶಿರಾ, ಪಾವಗಡಗಳಂತಹ ಊರುಗಳಲ್ಲಿ ಇಂತಹ ಕಾರಿಗೆ ಶತ್ರುಗಳು ಮೂರು: ಧೂಳು, ಗಡಸು ನೀರು, ಬಿಸಿಲು. ಹೆದ್ದಾರಿಯನ್ನು ಬಿಟ್ಟು ಹಳ್ಳಿಯ ಮಣ್ಣಿನ ದಾರಿಗಿಳಿದರೆ ಗಾಳಿ ಶೋಧಕವು ಬೇಗನೆ ಧೂಳಿನಿಂದ ಮುಚ್ಚಿಕೊಳ್ಳುತ್ತದೆ. ಆಗ ಗಾಳಿ ಕಡಿಮೆಯಾಗಿ ಪೆಟ್ರೋಲು ಹೆಚ್ಚಾಗುತ್ತದೆ. ಸ್ಪಾರ್ಕ್ ಪ್ಲಗ್ಗಿನ ತುದಿಗೆ ಕಪ್ಪು ಮಸಿ ಹಿಡಿಯುತ್ತದೆ. ಪ್ಲಗ್ಗಿನ ತುದಿ ತಿಳಿಗಂದು ಬಣ್ಣಕ್ಕಿದ್ದರೆ ಮಿಶ್ರಣ ಹದವಾಗಿದೆಯೆಂದು ತಿಳಿಯಬಹುದು. ವೈದ್ಯನು ರೋಗಿಯ ನಾಲಗೆಯನ್ನು ನೋಡುವಂತೆ ಅನುಭವಿಗಳು ಪ್ಲಗ್ಗನ್ನು ನೋಡಿ ಇಂಜಿನ್ನಿನ ಆರೋಗ್ಯವನ್ನು ಅರಿಯುತ್ತಾರೆ.

ಕೊಳವೆಬಾವಿಯ ಗಡಸು ನೀರನ್ನು ರೇಡಿಯೇಟರಿಗೆ ತುಂಬುವುದು ಮತ್ತೊಂದು ತಪ್ಪು. ನೀರು ಕಾಯಿಸುವ ಪಾತ್ರೆಯ ಒಳಗೆ ಬಿಳಿಯ ಪೊರೆ ಕಟ್ಟುವುದನ್ನು ಎಲ್ಲರೂ ಬಲ್ಲರು. ಅದೇ ಪೊರೆಯು ರೇಡಿಯೇಟರಿನ ಕಿರುಗೊಳವೆಗಳನ್ನು ಕಟ್ಟಿದರೆ ಶಾಖ ಹೊರಹೋಗದೆ ಇಂಜಿನ್ನು ಕುದಿಯುತ್ತದೆ. ಆದ್ದರಿಂದ ಬಟ್ಟಿಯಿಳಿಸಿದ ನೀರಿಗೆ ಕೂಲೆಂಟು ಬೆರೆಸಿ ತುಂಬುವುದು ಉತ್ತಮ.

ಬೇಸಗೆಯಲ್ಲಿ ಕೆಲವೊಮ್ಮೆ ಪೆಟ್ರೋಲು ಕೊಳವೆಯಲ್ಲಿಯೇ ಆವಿಯಾಗುತ್ತದೆ. ಪಂಪು ದ್ರವವನ್ನು ಎಳೆಯಬಲ್ಲದೇ ಹೊರತು ಆವಿಯನ್ನು ಎಳೆಯಲಾರದು. ಚೆನ್ನಾಗಿದ್ದ ಕಾರು ನಡುದಾರಿಯಲ್ಲಿ ನಿಲ್ಲುತ್ತದೆ. ಇದಕ್ಕೆ ಬಿಚ್ಚಿ ಜೋಡಿಸುವ ಕೆಲಸವೇನೂ ಬೇಡ. ಕಾರನ್ನು ನೆರಳಿಗೆ ತಳ್ಳಿ, ಪಂಪಿನ ಮೇಲೆ ಒದ್ದೆ ಬಟ್ಟೆ ಹೊದಿಸಿ, ತಣಿಯುವವರೆಗೆ ಕಾದರೆ ಸಾಕು. ಕಾರಣವನ್ನು ಅರಿಯದವನು ಇದೇ ಸಂದರ್ಭದಲ್ಲಿ ಕಾರ್ಬ್ಯುರೇಟರನ್ನು ಬಿಚ್ಚಿ, ಇಲ್ಲದ ದೋಷವನ್ನು ತಾನೇ ಉಂಟುಮಾಡುತ್ತಾನೆ.

ದೋಷವನ್ನು ಊಹಿಸದೆ ಕ್ರಮವಾಗಿ ಹುಡುಕಬೇಕು. ಕೀಲಿ ತಿರುಗಿಸಿದಾಗ ಇಂಜಿನ್ನು ಸುತ್ತದಿದ್ದರೆ ಮೊದಲು ಬ್ಯಾಟರಿಯನ್ನೂ ಅದರ ತುದಿಗಳನ್ನೂ ಪರೀಕ್ಷಿಸಬೇಕು. ಅಲ್ಲಿ ಕಟ್ಟಿದ ಬಿಳಿಯ ಪುಡಿಯೇ ವಿದ್ಯುತ್ತಿಗೆ ಅಡ್ಡಿಯಾಗಿರಬಹುದು. ಇಂಜಿನ್ನು ಸುತ್ತಿಯೂ ಹೊತ್ತಿಕೊಳ್ಳದಿದ್ದರೆ ಕಿಡಿ ಬರುತ್ತಿದೆಯೇ ಎಂದು ನೋಡಬೇಕು. ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟುಗಳು ಸವೆದಿದ್ದರೆ ಅವುಗಳ ನಡುವಣ ಅಂತರವನ್ನು ತೆಳುವಾದ ಉಕ್ಕಿನ ಗೇಜಿನಿಂದ ಅಳೆದು, ಕೈಪಿಡಿಯಲ್ಲಿ ಹೇಳಿದಷ್ಟಕ್ಕೆ ಸರಿಪಡಿಸಬೇಕು. ಕಿಡಿ ಸರಿಯಿದ್ದರೆ ಮಾತ್ರ ಪೆಟ್ರೋಲಿನ ಕಡೆಗೆ ತಿರುಗಬೇಕು. ಜೆಟ್ಟಿನಲ್ಲಿ ಕಸ ಸಿಕ್ಕಿದ್ದರೆ ಗಾಳಿ ಹೊಡೆದು ತೆಗೆಯಬೇಕು. ತಂತಿ ತೂರಿಸಿದರೆ ರಂಧ್ರವು ದೊಡ್ಡದಾಗಿ ಹದವೇ ಕೆಡುತ್ತದೆ. ಒಮ್ಮೆಗೆ ಒಂದನ್ನು ಮಾತ್ರ ಬದಲಿಸಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತೆಂಬುದು ತಿಳಿಯುವುದಿಲ್ಲ. ಪ್ರಯೋಗಶಾಲೆಯಲ್ಲಿ ವಿಜ್ಞಾನಿಯು ಅನುಸರಿಸುವ ನಿಯಮವೂ ಇದೇ ಆಗಿದೆ.

ಮನೆಯ ದುರಸ್ತಿಗೆ ಒಂದು ಮೇರೆಯುಂಟು. ಬಿಸಿಯಾದ ರೇಡಿಯೇಟರಿನ ಮುಚ್ಚಳವನ್ನು ತೆರೆದರೆ ಕುದಿನೀರು ಚಿಮ್ಮಿ ಮುಖವನ್ನು ಸುಡಬಹುದು. ಬರಿಯ ಜಾಕಿಯ ಮೇಲೆ ನಿಂತ ಕಾರಿನ ಕೆಳಗೆ ಎಂದಿಗೂ ನುಸುಳಬಾರದು. ಪೆಟ್ರೋಲಿನ ಬಳಿಗೆ ಬೆಂಕಿ ಸುಳಿಯಬಾರದು. ಈಗ ಪೆಟ್ರೋಲಿಗೆ ಶೇಕಡ 20ರವರೆಗೆ ಎಥನಾಲ್ ಬೆರೆಸುತ್ತಾರೆ; ಹಳೆಯ ರಬ್ಬರು ಕೊಳವೆಗಳು ಇದನ್ನು ತಾಳಲಾರದೆ ಬಿರುಕು ಬಿಡಬಹುದಾದ್ದರಿಂದ ಅವುಗಳನ್ನು ಆಗಾಗ ಪರೀಕ್ಷಿಸುವುದು ಅಗತ್ಯ. ಎಲ್ಲಕ್ಕಿಂತ ಮಿಗಿಲಾದುದು ಬ್ರೇಕು. ಇಂಜಿನ್ನು ಕೆಟ್ಟರೆ ಕಾರು ನಿಲ್ಲುತ್ತದೆ. ಬ್ರೇಕು ಕೆಟ್ಟರೆ ಕಾರು ನಿಲ್ಲುವುದೇ ಇಲ್ಲ. ಲಾರಿಗಳು ಎಡೆಬಿಡದೆ ಓಡುವ ಶಿರಾದ ಹೆದ್ದಾರಿಯಲ್ಲಿ ಅದರ ಫಲವೇನೆಂದು ವಿವರಿಸಬೇಕಾಗಿಲ್ಲ. ಬ್ರೇಕು ಎಣ್ಣೆಯ ಮಟ್ಟ ಇಳಿದಿದೆಯೇ ಎಂದು ಮನೆಯವರು ನೋಡಬಹುದು. ಇಳಿದಿದ್ದರೆ ನುರಿತ ಕುಶಲಕರ್ಮಿಗೆ ಒಪ್ಪಿಸಬೇಕು. ತನ್ನ ಅರಿವಿನ ಎಲ್ಲೆಯನ್ನು ತಿಳಿದಿರುವುದೂ ಕುಶಲತೆಯ ಒಂದು ಭಾಗ.

ಕಾರಿಗೆ ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಗಳಿಗೊಮ್ಮೆ ತಪಾಸಣೆಗೆ ಒಳಪಡಿಸಿ ನೋಂದಣಿಯನ್ನು ನವೀಕರಿಸಬೇಕೆಂಬುದು ಕಾನೂನು. ಕಾರಿನ ಒಡೆಯನು ತನ್ನದೇ ಆದ ತಪಾಸಣೆಯನ್ನು ವಾರಕ್ಕೊಮ್ಮೆ ನಡೆಸುವುದು ಲೇಸು. ಇಂಜಿನ್ ಎಣ್ಣೆ, ನೀರು, ಗಾಲಿಯ ಗಾಳಿ, ಫ್ಯಾನ್ ಬೆಲ್ಟಿನ ಬಿಗಿ ಇವನ್ನು ನೋಡಲು ಕಾಲು ಗಂಟೆ ಸಾಕು. ಮಾಡಿದ ಕೆಲಸವನ್ನು ದಿನಾಂಕದೊಡನೆ ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಮುಂದಿನವರಿಗೆ ಅದೇ ದಾರಿದೀಪವಾಗುತ್ತದೆ. ಕಾರ್ಬ್ಯುರೇಟರಿನ ಮರ್ಮವನ್ನು ಬಲ್ಲ ಕುಶಲಕರ್ಮಿಗಳು ವಿರಳವಾಗುತ್ತಿರುವ ಈ ಕಾಲದಲ್ಲಿ ಅವರ ಪಕ್ಕದಲ್ಲಿ ನಿಂತು ನೋಡಿ ಕಲಿಯುವ ಕಿರಿಯರು ಬೇಕು. ಕಾರಿನ ಬಿಡಿಭಾಗಗಳನ್ನು ಹೇಗಾದರೂ ಹೊಸದಾಗಿ ಮಾಡಿಸಬಹುದು. ಒಮ್ಮೆ ಮರೆತುಹೋದ ವಿದ್ಯೆಯನ್ನು ಮತ್ತೆ ಗಳಿಸುವುದು ಸುಲಭವಲ್ಲ.