ಆಣವಿಕ ಜೀವವಿಜ್ಞಾನದಲ್ಲಿ ಡಾಕ್ಟರೇಟ್ ಪದವಿ

ಅಮದಳ್ಳಿಯಂತಹ ಗ್ರಾಮಗಳಿಂದ ಕಾರವಾರಕ್ಕೂ ಅಂಕೋಲೆಗೂ ಹೋಗಿ ವಿಜ್ಞಾನವನ್ನಭ್ಯಸಿಸುವ ಹೆಣ್ಣುಮಕ್ಕಳು ಇಂದು ಅನೇಕರು. ಬಿ.ಎಸ್ಸಿ. ಆದೊಡನೆ ಮಗಳ ವಿದ್ಯೆ ಮುಗಿಯಿತೆಂದು ಭಾವಿಸುವ ಮನೆಗಳೂ ಅನೇಕ. ಅದರಾಚೆಗಿರುವ ಡಾಕ್ಟರೇಟ್ ಪದವಿಯೆಂದರೇನು, ಅದಕ್ಕೆ ಬೇಕಾದುದೇನು ಎಂಬುದನ್ನು ಪೂರ್ವವಿದ್ಯಾರ್ಥಿನಿಯರ ಹಾಗೂ ಪಾಲಕರ ಅವಗಾಹನೆಗಾಗಿ ಇಲ್ಲಿ ಸಂಕ್ಷೇಪವಾಗಿ ನಿರೂಪಿಸಿದೆ.

ಜೀವಕೋಶದೊಳಗಿನ ಪ್ರೋಟೀನು, ಡಿ.ಎನ್.ಎ. ಮೊದಲಾದ ಅಣುಗಳ ರಚನೆಯನ್ನೂ ಕಾರ್ಯವನ್ನೂ ಅರಿಯುವ ಶಾಸ್ತ್ರವೇ ಆಣವಿಕ ಜೀವವಿಜ್ಞಾನ. ಮಳೆಗಾಲದಲ್ಲಿ ಕಾಳೀನದಿಯ ಅಳಿವೆಗೆ ಸಿಹಿನೀರು ನುಗ್ಗಿ ಉಪ್ಪಿನಂಶವು ಇಳಿಯುವುದನ್ನು ನಾವೆಲ್ಲರೂ ಬಲ್ಲೆವು. ಆ ನೀರಿನಲ್ಲಿರುವ ಬಳಚಿನ ಜೀವಕೋಶಗಳು ಯಾವ ಯಾವ ಅಣುಗಳ ನೆರವಿನಿಂದ ಈ ಮಾರ್ಪಾಟನ್ನು ತಾಳಿಕೊಳ್ಳುತ್ತವೆ? ಇಂತಹ ಪ್ರಶ್ನೆಯಲ್ಲಿ ಪುಸ್ತಕಗಳು ಉತ್ತರಿಸದೆ ಬಿಟ್ಟ ಒಂದು ಅಂಶವನ್ನು ಹಿಡಿದು, ಅದನ್ನು ಪ್ರಯೋಗದಿಂದ ನಿರ್ಣಯಿಸಿ ತೋರಿಸಿದವಳಿಗೆ ಈ ಪದವಿಯು ಸಲ್ಲುತ್ತದೆ. ಆದುದರಿಂದ ಇದು ಇನ್ನೊಂದು ದೊಡ್ಡ ಪರೀಕ್ಷೆಯಲ್ಲ. ಜ್ಞಾನಕ್ಕೆ ತಾನೇ ಒಂದಂಶವನ್ನು ಕೂಡಿಸುವ ಕಾರ್ಯ.

ವಿಶ್ವವಿದ್ಯಾಲಯ ಅನುದಾನ ಆಯೋಗವು ೨೦೨೨ರಲ್ಲಿ ವಿಧಿಸಿದ ನಿಯಮಗಳಂತೆ, ಮೊದಲು ಎಂ.ಎಸ್ಸಿ.ಯಲ್ಲಿ ಶೇಕಡಾ ೫೫, ಇಲ್ಲವೆ ನಾಲ್ಕು ವರ್ಷದ ಪದವಿಯಲ್ಲಿ ಶೇಕಡಾ ೭೫ ಅಂಕಗಳು ಬೇಕು. ಮೀಸಲು ವರ್ಗದವರಿಗೆ ರಿಯಾಯಿತಿಯುಂಟು. ಎಂ.ಎಸ್ಸಿ.ಗೆ ದೂರವೇ ಹೋಗಬೇಕೆಂದಿಲ್ಲ. ಕರ್ನಾಟಕ ವಿಶ್ವವಿದ್ಯಾಲಯದ ಕಡಲಜೀವಶಾಸ್ತ್ರ ವಿಭಾಗವು ಕಾರವಾರದ ಕೋಡಿಬಾಗದಲ್ಲಿಯೇ ಇದೆ. ಎರಡನೆಯದು ಪ್ರವೇಶ ಪರೀಕ್ಷೆ ಹಾಗೂ ಸಂದರ್ಶನ. ಅಖಿಲ ಭಾರತ ನೆಟ್ ಪರೀಕ್ಷೆಯಲ್ಲಿ ಕಿರಿಯ ಸಂಶೋಧನಾ ವೇತನಕ್ಕೆ ಅರ್ಹಳಾದವಳಿಗೆ ತಿಂಗಳಿಗೆ ೩೭,೦೦೦ ರೂಪಾಯಿ ದೊರೆಯುವುದು. ಈ ಮೊತ್ತವು ೨೦೨೩ರಿಂದ ಜಾರಿಯಲ್ಲಿದೆ. ಖರ್ಚಿಗೆ ಹೆದರುವ ತಂದೆತಾಯಿಗಳು ಇದನ್ನು ಅವಶ್ಯವಾಗಿ ನೆನಪಿಡಬೇಕು.

ಪ್ರವೇಶಾನಂತರ ಕನಿಷ್ಠ ೧೨ ಕ್ರೆಡಿಟ್‌ಗಳ ಪಾಠಕ್ರಮವನ್ನು ಪೂರೈಸಬೇಕು. ಬಳಿಕ ಮಾರ್ಗದರ್ಶಕರ ಕೈಕೆಳಗೆ ಪ್ರಯೋಗಗಳು ಆರಂಭವಾಗುತ್ತವೆ. ಸಲಹಾ ಸಮಿತಿಯೊಂದು ಅವುಗಳ ಪ್ರಗತಿಯನ್ನು ನೋಡುತ್ತಿರುತ್ತದೆ. ಒಂದು ಪ್ರೋಟೀನನ್ನು ಶುದ್ಧಗೊಳಿಸುವುದರಲ್ಲಿಯೇ ತಿಂಗಳುಗಳು ಕಳೆಯಬಹುದು. ಒಮ್ಮೆ ಕಂಡ ಫಲವು ಪುನಃ ಪುನಃ ಕಾಣಬೇಕು. ಕಾಣದಿದ್ದರೆ ಕಾರಣವನ್ನು ಹುಡುಕಬೇಕು. ಕೊನೆಗೆ ಬರೆದ ಮಹಾಪ್ರಬಂಧವನ್ನು ಹೊರಗಿನ ಇಬ್ಬರು ಪರೀಕ್ಷಕರಾದರೂ ಪರಿಶೀಲಿಸುವರು. ಅನಂತರ ಮೌಖಿಕ ಪರೀಕ್ಷೆ. ಇದಕ್ಕೆಲ್ಲ ಕನಿಷ್ಠ ೩ ವರ್ಷ, ಗರಿಷ್ಠ ೬ ವರ್ಷ; ಅಗತ್ಯಬಿದ್ದರೆ ಇನ್ನೆರಡು ವರ್ಷ ದೊರೆಯಬಹುದು. ಸ್ತ್ರೀಯರಿಗೆ ಅದರ ಮೇಲೆಯೂ ೨ ವರ್ಷಗಳ ಸಡಿಲಿಕೆಯನ್ನೂ, ಹೆರಿಗೆ ಮತ್ತು ಶಿಶುಪಾಲನೆಗೆಂದು ೨೪೦ ದಿನಗಳವರೆಗೆ ರಜೆಯನ್ನೂ ಕೊಡಲು ಅವಕಾಶವಿದೆ.

ಈ ಅವಕಾಶಗಳು ತಾವಾಗಿ ಬಂದವಲ್ಲ. ೧೯೩೩ರಲ್ಲಿ ಮುಂಬಯಿಯ ಪದವೀಧರೆ ಕಮಲಾ ಭಾಗವತರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದಾಗ, ನಿರ್ದೇಶಕರಾಗಿದ್ದ ಸರ್ ಸಿ. ವಿ. ರಾಮನ್‌ರವರು ಸ್ತ್ರೀಯೆಂಬ ಕಾರಣದಿಂದ ಪ್ರವೇಶವನ್ನು ನಿರಾಕರಿಸಿದರು. ಆಕೆಯು ಪಟ್ಟು ಬಿಡದಿರಲು, ಒಂದು ವರ್ಷ ಪರೀಕ್ಷಾರ್ಥವಾಗಿ ಸೇರಿಸಿಕೊಂಡರು. ಶ್ರೀನಿವಾಸಯ್ಯನವರ ಮಾರ್ಗದರ್ಶನದಲ್ಲಿ ಹಾಲು ಹಾಗೂ ಬೇಳೆಕಾಳುಗಳ ಪ್ರೋಟೀನುಗಳನ್ನು ಅಭ್ಯಸಿಸಿದ ಆಕೆಯ ಶ್ರದ್ಧೆಯನ್ನು ಕಂಡ ಮೇಲೆ, ಸಂಸ್ಥೆಯ ಬಾಗಿಲು ಇತರ ಸ್ತ್ರೀಯರಿಗೂ ತೆರೆಯಿತು. ಮುಂದೆ ಕೇಂಬ್ರಿಜ್‌ನಲ್ಲಿ ಸಸ್ಯಕೋಶಗಳೊಳಗೆ ಸೈಟೋಕ್ರೋಮ್ ಸಿ ಎಂಬ ಪ್ರೋಟೀನು ಇರುವುದನ್ನು ತೋರಿಸಿ, ೧೯೩೯ರಲ್ಲಿ ಡಾಕ್ಟರೇಟ್ ಪಡೆದರು. ವಿವಾಹಾನಂತರ ಕಮಲಾ ಸೊಹೊನಿ ಎಂದು ಪ್ರಸಿದ್ಧರಾದವರು ಇವರೇ.

ಅಂದು ತಡೆಯು ಸಂಸ್ಥೆಯ ಬಾಗಿಲಲ್ಲಿತ್ತು. ಇಂದು ಅದು ಬಹುಮಟ್ಟಿಗೆ ಮನೆಯ ಹೊಸ್ತಿಲಲ್ಲಿದೆ. ನಿಯಮವು ವರ್ಷಗಳನ್ನು ಕೊಟ್ಟರೂ ಮನೆಯವರು ಕೊಡದಿದ್ದರೆ ಅವು ಮಗಳಿಗೆ ದಕ್ಕಲಾರವು. ಪ್ರಯೋಗವು ಫಲಿಸದ ವರ್ಷದಲ್ಲಿ ‘ಇನ್ನೂ ಮುಗಿಯಲಿಲ್ಲವೇ?’ ಎಂದು ಕೇಳದೆ ಧೈರ್ಯ ಹೇಳುವ ತಾಯಿತಂದೆಗಳು ಆ ಪದವಿಯಲ್ಲಿ ಪಾಲುಗಾರರೇ ಸರಿ.