ಸಾವಿರ ಹುಣ್ಣಿಮೆಯ ಊಟ

ಮದುವೆ, ಸೀಮಂತ, ನಾಮಕರಣ, ಗೃಹಪ್ರವೇಶ, ಅರುವತ್ತರ ಶಾಂತಿ. ಕುಣಿಗಲ್ ಸೀಮೆಯಲ್ಲಿ ಗಂಡ ಹೆಂಡಿರ ಬಾಳಿನ ಯಾವ ಘಟ್ಟವೂ ಊಟವಿಲ್ಲದೆ ಮುಗಿಯುವುದಿಲ್ಲ. ಕೆಲವರು ಮನೆ ಮುಂದೆ ಚಪ್ಪರ ಹಾಕುತ್ತಾರೆ, ಕೆಲವರು ಕಲ್ಯಾಣ ಮಂಟಪ ಹಿಡಿಯುತ್ತಾರೆ, ಇನ್ನು ಕೆಲವರು ಎಡೆಯೂರು ಸಿದ್ಧಲಿಂಗೇಶ್ವರನ ಸನ್ನಿಧಿಗೆ ಹೋಗಿ ಬರುತ್ತಾರೆ. ಒಂದು ಮನೆಯಲ್ಲಿ ಒಬ್ಬಟ್ಟಿನ ಊಟವಾದರೆ ಇನ್ನೊಂದು ಮನೆಯಲ್ಲಿ ಮುದ್ದೆಯೊಂದಿಗೆ ಬೀಗರೂಟ. ಮುಸ್ಲಿಮರ ಮನೆಯಲ್ಲಿ ನಿಕಾಹ್ ಆದ ಮೇಲೆ ಗಂಡಿನ ಕಡೆಯವರ ವಲೀಮಾ. ಪದ್ಧತಿ ಬೇರೆಯಾದರೂ ಉದ್ದೇಶ ಒಂದೇ: ನಮ್ಮ ಸಂತೋಷಕ್ಕೆ ನಾಲ್ಕು ಜನ ಸಾಕ್ಷಿಯಾಗಲಿ, ಹೊಟ್ಟೆ ತುಂಬ ಉಂಡು ಹರಸಲಿ ಎಂಬುದು.

ಈ ಊಟಗಳ ಹಿಂದೆ ಆಕಾಶದ ಲೆಕ್ಕವಿದೆ, ಅಡುಗೆಮನೆಯ ವಿಜ್ಞಾನವಿದೆ, ಮನೆಯ ಹಣಕಾಸಿನ ಪ್ರಶ್ನೆಯೂ ಇದೆ. ಮೂರನ್ನೂ ಒಂದೊಂದಾಗಿ ನೋಡೋಣ.

ಒಂದು ಮದುವೆ, ಎರಡು ವಾರ್ಷಿಕೋತ್ಸವ

ನಮ್ಮ ಲಗ್ನಪತ್ರಿಕೆಗಳಲ್ಲಿ ಎರಡು ದಿನಾಂಕಗಳಿರುತ್ತವೆ. ಒಂದು ಇಂಗ್ಲಿಷ್ ತಾರೀಖು, ಇನ್ನೊಂದು ಮಾಸ, ಪಕ್ಷ, ತಿಥಿ. ಮದುವೆಯ ದಿನ ಒಟ್ಟಿಗಿದ್ದ ಇವೆರಡೂ ಮರುವರ್ಷವೇ ಬೇರೆಯಾಗುತ್ತವೆ. ಅಮ್ಮ ತಿಥಿ ಹಿಡಿದು ಪಾಯಸ ಮಾಡಿದರೆ ಅಪ್ಪ ತಾರೀಖು ನೋಡಿ ಸಿಹಿ ತರುತ್ತಾರೆ!

ಕಾರಣ ಸರಳ. ಒಂದು ಹುಣ್ಣಿಮೆಯಿಂದ ಮತ್ತೊಂದು ಹುಣ್ಣಿಮೆಗೆ ಸರಾಸರಿ 29.53 ದಿನ. ಅಂಥ ಹನ್ನೆರಡು ತಿಂಗಳು ಸೇರಿದರೆ ಸುಮಾರು 354 ದಿನ. ಸೂರ್ಯನ ವರ್ಷಕ್ಕಿಂತ ಇದು 11 ದಿನ ಕಡಿಮೆ. ಹೀಗೆ ಹಿಂದೆ ಬೀಳುವ ದಿನಗಳನ್ನು ಸರಿಪಡಿಸಲು ಪಂಚಾಂಗದಲ್ಲಿ ಆಗಾಗ ಅಧಿಕ ಮಾಸ ಬರುತ್ತದೆ. 19 ವರ್ಷಗಳಲ್ಲಿ ಇಂಥ 7 ಅಧಿಕ ಮಾಸಗಳು ಸೇರಿ ಒಟ್ಟು 235 ಚಾಂದ್ರಮಾಸಗಳಾಗುತ್ತವೆ. 235 ಚಾಂದ್ರಮಾಸಗಳ ದಿನಗಳನ್ನೂ 19 ಸೌರವರ್ಷಗಳ ದಿನಗಳನ್ನೂ ಗುಣಿಸಿ ನೋಡಿ. ಎರಡೂ ಹತ್ತಿರ ಹತ್ತಿರ 6,940 ದಿನ! ನಡುವಿನ ವ್ಯತ್ಯಾಸ ಕೆಲವೇ ಗಂಟೆ. ಕ್ರಿ.ಪೂ. 432ರಲ್ಲಿ ಅಥೆನ್ಸ್‌ನ ಮೆಟನ್ ಎಂಬ ಖಗೋಳಜ್ಞ ಈ ಚಕ್ರವನ್ನು ಬಳಕೆಗೆ ತಂದುದರಿಂದ ಅದಕ್ಕೆ ಅವನ ಹೆಸರೇ ನಿಂತಿದೆ.

ಇದನ್ನು ಹಳೆಯ ಕ್ಯಾಲೆಂಡರ್ ತೆಗೆದು ಪರೀಕ್ಷಿಸಬಹುದು. 2004ರಲ್ಲಿ ಯುಗಾದಿ ಮಾರ್ಚ್ 21ಕ್ಕೆ ಬಂದಿತ್ತು. ಹತ್ತೊಂಬತ್ತು ವರ್ಷಗಳ ನಂತರ, 2023ರಲ್ಲಿ, ಮಾರ್ಚ್ 22ಕ್ಕೆ ಬಂತು. ಅಂದರೆ ಮದುವೆಯಾದ 19ನೇ ವರ್ಷ ದಂಪತಿಗಳ ತಿಥಿಯೂ ತಾರೀಖೂ ಒಂದು ದಿನ ಹೆಚ್ಚು ಕಡಿಮೆಯಾಗಿ ಮತ್ತೆ ಕೂಡುತ್ತವೆ. ಆಮೇಲೆ 38ಕ್ಕೆ, 57ಕ್ಕೆ. ಇಪ್ಪತ್ತೈದಕ್ಕೆ ಬೆಳ್ಳಿಹಬ್ಬ, ಐವತ್ತಕ್ಕೆ ಚಿನ್ನದ ಹಬ್ಬ ಆಚರಿಸುವ ನಾವು ಈ ಹತ್ತೊಂಬತ್ತನ್ನು ಗಮನಿಸುವುದೇ ಇಲ್ಲ. ಆ ಹೊತ್ತಿಗೆ ಮಕ್ಕಳು ಪಿಯುಸಿಗೆ ಬಂದಿರುತ್ತಾರೆ. ಅಪ್ಪ ಅಮ್ಮನ ಲಗ್ನಪತ್ರಿಕೆಯನ್ನು ಹುಡುಕಿ ತೆಗೆದು ಈ ಲೆಕ್ಕ ಮಾಡಿ ತೋರಿಸುವ ಕೆಲಸ ಅವರದೇ ಆಗಲಿ.

ಅರುವತ್ತೇಕೆ, ಸಾವಿರವೇಕೆ?

ಅರುವತ್ತು ತುಂಬಿದಾಗ ಷಷ್ಟಿಪೂರ್ತಿ ಮಾಡಿಕೊಳ್ಳುವ ದಂಪತಿಗಳು ಮಕ್ಕಳು ಮೊಮ್ಮಕ್ಕಳ ಮುಂದೆ ಮತ್ತೊಮ್ಮೆ ಹಾರ ಬದಲಾಯಿಸುತ್ತಾರೆ. ಪ್ರಭವದಿಂದ ಅಕ್ಷಯದವರೆಗೆ ಸಂವತ್ಸರಗಳು ಅರುವತ್ತು. ಆದ್ದರಿಂದ ಹುಟ್ಟಿದ ಸಂವತ್ಸರ ಅರುವತ್ತು ವರ್ಷಕ್ಕೆ ಮರಳಿ ಬರುತ್ತದೆ. ಇದರ ಬೇರು ಗ್ರಹಗಳ ಓಟದಲ್ಲಿದೆ. ಗುರುಗ್ರಹ ಸೂರ್ಯನನ್ನು ಒಂದು ಸುತ್ತು ಬರಲು 11.86 ವರ್ಷ ಬೇಕು, ಶನಿಗೆ 29.46 ವರ್ಷ. ಗುರುವಿನ ಐದು ಸುತ್ತಿಗೆ 59.3 ವರ್ಷ, ಶನಿಯ ಎರಡು ಸುತ್ತಿಗೆ 58.9 ವರ್ಷ. ಅರುವತ್ತರ ಹೊತ್ತಿಗೆ ಎರಡು ದೊಡ್ಡ ಗ್ರಹಗಳೂ ಮಗು ಹುಟ್ಟಿದಾಗ ಎಲ್ಲಿದ್ದವೋ ಹೆಚ್ಚು ಕಡಿಮೆ ಅಲ್ಲಿಗೇ ಬಂದಿರುತ್ತವೆ. ಗ್ರಹಗಳಿಂದ ನಮಗೆ ಒಳಿತು ಕೆಡುಕು ಆಗುತ್ತದೆಂದು ನಂಬಬೇಕಾಗಿಲ್ಲ. ಬರಿಗಣ್ಣಿನಿಂದ ಆಕಾಶ ನೋಡಿ ಈ ಲೆಕ್ಕ ಹಿಡಿದವರ ತಾಳ್ಮೆಯನ್ನಂತೂ ಮೆಚ್ಚಬೇಕು.

ಇನ್ನು ಸಹಸ್ರಚಂದ್ರ ದರ್ಶನ. ಸಾವಿರ ಹುಣ್ಣಿಮೆಗೆ 29,530 ದಿನ, ಅಂದರೆ 80 ವರ್ಷ 10 ತಿಂಗಳು. ಎಂಬತ್ತೊಂದರ ಸಮೀಪದಲ್ಲಿ ಈ ಶಾಂತಿ ಮಾಡುವುದು ಇದಕ್ಕಾಗಿಯೇ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರುವ ವಿದ್ಯಾರ್ಥಿ ಅಷ್ಟರಲ್ಲಿ ಸುಮಾರು 200 ಹುಣ್ಣಿಮೆಗಳನ್ನು ದಾಟಿರುತ್ತಾನೆ. ಬೆಳ್ಳಿಹಬ್ಬದ ದಂಪತಿಗಳು ಒಟ್ಟಿಗೆ ಕಳೆದ ಹುಣ್ಣಿಮೆಗಳು 309. ಐವತ್ತು ವರ್ಷ ಒಟ್ಟಿಗೆ ಬಾಳಿದವರದು 618.

ಎಲೆಯ ಮೇಲಿನ ವಿಜ್ಞಾನ

ಎಲೆಯ ತುದಿಗೆ ಉಪ್ಪು ಬಿತ್ತೆಂದರೆ ಊಟ ಮೊದಲಾಯಿತು. ಅದರ ಹಿಂದೆಯೇ ಬರುವ ಕೋಸಂಬರಿಯಲ್ಲಿ ನೆನೆದ ಹೆಸರುಬೇಳೆಯ ಪ್ರೋಟೀನು, ಸೌತೆಕಾಯಿಯ ನೀರು, ನಿಂಬೆಯ ಸಿ ಜೀವಸತ್ವ ಎಲ್ಲವೂ ಒಲೆ ಕಾಣದೆ ಎಲೆಗೆ ಬರುತ್ತವೆ. ಒಬ್ಬಟ್ಟಿಗೆ ಬೇಳೆ ಬೇಯಿಸಿ ಬಸಿದ ಕಟ್ಟನ್ನು ನಮ್ಮ ಹೆಂಗಸರು ಚೆಲ್ಲುವುದಿಲ್ಲ. ಬೇಳೆಯಿಂದ ನೀರಿಗಿಳಿದ ಬಿ ಗುಂಪಿನ ಜೀವಸತ್ವಗಳು ಒಬ್ಬಟ್ಟಿನ ಸಾರಾಗಿ ಮತ್ತೆ ಎಲೆಗೇ ಬರುತ್ತವೆ. ಬೀಗರೂಟದ ಮುದ್ದೆಯದು ಇನ್ನೊಂದು ಕಥೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಷ್ಟೇ ತೂಕದ ಬಿಳಿ ಅಕ್ಕಿಯಲ್ಲಿ ಹತ್ತು ಮಿಲಿಗ್ರಾಂ ಆಸುಪಾಸು.

ಹತ್ತಾರು ವರ್ಷ ಕಳೆದರೂ ಕೆಲವು ಊಟಗಳು ಮರೆಯುವುದಿಲ್ಲವೇಕೆ? ಬಾಣಲೆಗೆ ಬಿದ್ದ ತುಪ್ಪದ ವಾಸನೆ, ಚಳಿಗಾಲದ ಅವರೆಕಾಯಿಯ ಸೊಗಡು ಮೂಗಿಗೆ ಬಡಿದರೆ ಸಾಕು, ಹಿಂದಿನದೆಲ್ಲ ಕಣ್ಣ ಮುಂದೆ ನಿಲ್ಲುತ್ತದೆ. ಕಣ್ಣು ಕಿವಿಗಳ ಸಂದೇಶ ಮಿದುಳಿನ ಥಲಾಮಸ್ ಎಂಬ ನಡುಮನೆಯನ್ನು ಹಾದು ಹೋಗಬೇಕು. ವಾಸನೆಯ ಸಂದೇಶಕ್ಕೆ ಆ ತಡೆಯಿಲ್ಲ. ಭಾವನೆಗೂ ನೆನಪಿಗೂ ಸಂಬಂಧಿಸಿದ ಭಾಗಗಳೊಂದಿಗೆ ಅದಕ್ಕೆ ತೀರ ಹತ್ತಿರದ ಸಂಪರ್ಕವಿದೆ.

ಮುಯ್ಯಿ ಪುಸ್ತಕ

ಮದುವೆ ಮನೆಯ ಬಾಗಿಲ ಬಳಿ ಒಬ್ಬರು ನೋಟ್ ಪುಸ್ತಕ ಹಿಡಿದು ಕೂತಿರುತ್ತಾರಲ್ಲ, ಅದು ಮುಯ್ಯಿ ಬರೆಯುವ ಪುಸ್ತಕ. ಇಂಥ ಊರಿನ ಇಂಥವರು ಇಷ್ಟು ಕೊಟ್ಟರು ಎಂದು ಬರೆದಿಟ್ಟುಕೊಂಡು, ಅವರ ಮನೆಯ ಮದುವೆಗೆ ಅಷ್ಟೋ ಅದಕ್ಕಿಂತ ಮೇಲೋ ಹಿಂತಿರುಗಿಸುವುದು ವಾಡಿಕೆ. ಬಡ್ಡಿಯಿಲ್ಲದ, ಪತ್ರವಿಲ್ಲದ ಸಾಲವಿದು. ದುಡ್ಡಿನ ಮುಯ್ಯಿಯ ಜೊತೆಗೆ ಕೆಲಸದ ಮುಯ್ಯಿಯೂ ಇತ್ತು. ಹಿಂದಿನ ರಾತ್ರಿ ಅಕ್ಕಪಕ್ಕದವರು ಬಂದು ತರಕಾರಿ ಹೆಚ್ಚುತ್ತಿದ್ದರು, ಕಾಯಿ ತುರಿಯುತ್ತಿದ್ದರು, ಗೆಳೆಯರು ಸೊಂಟಕ್ಕೆ ಟವೆಲ್ ಸುತ್ತಿಕೊಂಡು ಬಡಿಸುತ್ತಿದ್ದರು. ಎಷ್ಟು ಜನ ಬರುತ್ತಾರೆಂಬ ಅಂದಾಜು ಎಲ್ಲರಿಗೂ ಇದ್ದುದರಿಂದ ಅನ್ನ ಹಾಳಾಗುವುದೂ ಕಡಿಮೆಯಿತ್ತು.

ಹಾಗೆಂದು ಹಿಂದಿನದೆಲ್ಲ ಚೆನ್ನಾಗಿತ್ತೆನ್ನುವಂತಿಲ್ಲ. ಜಾತಿಗೊಂದು ಪಂಕ್ತಿ ಎಂಬ ಭೇದ ನಮ್ಮ ಊಟಗಳಿಗೆ ಅಂಟಿದ ಕಳಂಕವೇ ಆಗಿತ್ತು. ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತ ಗೆಳೆಯರು ಊಟಕ್ಕೆ ಬೇರೆ ಬೇರೆ ಕೂರಬೇಕಾಗಿದ್ದ ಕಾಲವದು. ಎಲ್ಲರೂ ಒಂದೇ ಸಾಲಿನಲ್ಲಿ ಕೂತು ಉಣ್ಣುವುದು ಕಷ್ಟಪಟ್ಟು ಗಳಿಸಿಕೊಂಡದ್ದು ಎಂಬುದನ್ನು ಮಕ್ಕಳು ತಿಳಿದಿರಬೇಕು.

ಈಗ ಬಂದಿರುವ ತೊಂದರೆ ಬೇರೆ ಬಗೆಯದು. ಎಲೆಯ ಮೇಲೆ ಬಗೆಗಳು ಹೆಚ್ಚಿದಂತೆ ಖರ್ಚೂ ಹೆಚ್ಚಿತು. ಒಂದು ದಿನದ ಊಟಕ್ಕಾಗಿ ಸಾಲ ಮಾಡಿ, ಅದನ್ನು ತೀರಿಸುವ ವರ್ಷಗಳಲ್ಲೇ ಮಗಳ ಕಾಲೇಜು ಫೀಸು ಎದುರಿಗೆ ನಿಂತರೆ ಮೊದಲು ಕತ್ತರಿ ಬೀಳುವುದು ಓದಿಗೆ. ಉಳಿದು ಚೆಲ್ಲುವ ಅನ್ನದ ಲೆಕ್ಕವಂತೂ ಇನ್ನೂ ಕಹಿ. ವಿಶ್ವಸಂಸ್ಥೆಯ ಪರಿಸರ ವಿಭಾಗ 2024ರಲ್ಲಿ ಕೊಟ್ಟ ವರದಿಯಂತೆ 2022ರ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ ವ್ಯರ್ಥವಾದ ಆಹಾರ ಸುಮಾರು 105 ಕೋಟಿ ಟನ್. ಒಂದು ಕಿಲೋ ಅಕ್ಕಿ ಬೆಳೆಯಲು ಸರಾಸರಿ 2,500 ಲೀಟರ್ ನೀರು ಬೇಕು. ನೂರು ಗ್ರಾಂ ಅಕ್ಕಿಯ ಅನ್ನವನ್ನು ಎಲೆಯಲ್ಲಿ ಬಿಟ್ಟು ಎದ್ದವರು 250 ಲೀಟರ್, ಅಂದರೆ ಹದಿನಾರು ಬಿಂದಿಗೆಗಿಂತ ಹೆಚ್ಚು ನೀರು ಚೆಲ್ಲಿದಂತೆ. ಜನಪದ ಹಾಡಿನಿಂದ ನಾಡಿಗೆಲ್ಲ ಪರಿಚಿತವಾದ ದೊಡ್ಡ ಕೆರೆಯ ಊರಿನವರಿಗೆ ನೀರಿನ ಬೆಲೆಯನ್ನು ಬೇರೆಯವರು ಹೇಳಿಕೊಡಬೇಕೆ?

ಎಂಟುನೂರು ರೂಪಾಯಿಯ ಮದುವೆ

ಕಡಿಮೆ ಖರ್ಚಿನಲ್ಲಿ ದೊಡ್ಡ ಸಂತೋಷ ಕಂಡವರು ನಮ್ಮ ನಾಡಿನಲ್ಲೇ ಇದ್ದಾರೆ. ಕುವೆಂಪು ಅವರು ಮಂತ್ರಮಾಂಗಲ್ಯ ಎಂಬ ಸರಳ ವಿವಾಹ ಪದ್ಧತಿಯನ್ನು ರೂಪಿಸಿ, 1966ರಲ್ಲಿ ತಮ್ಮ ಮಗ ಪೂರ್ಣಚಂದ್ರ ತೇಜಸ್ವಿ ಮತ್ತು ರಾಜೇಶ್ವರಿಯವರ ಮದುವೆಯನ್ನು ಅದರಂತೆಯೇ ನಡೆಸಿದರು. ಧರ್ಮಸ್ಥಳದಲ್ಲಿ 1972ರಿಂದ ಸಾಮೂಹಿಕ ವಿವಾಹಗಳು ನಡೆಯುತ್ತಿವೆ.

ಸುಧಾ ಮೂರ್ತಿ ಮತ್ತು ನಾರಾಯಣ ಮೂರ್ತಿ ದಂಪತಿಗಳ ಕಥೆಯನ್ನು ಸುಧಾ ಅವರೇ ಹೇಳಿಕೊಂಡಿದ್ದಾರೆ. ಇಬ್ಬರ ಸ್ನೇಹ ಬೆಳೆದದ್ದು ಪುಣೆಯಲ್ಲಿ, ಗೆಳೆಯರ ಜೊತೆ ಹೋಟೆಲಿನಲ್ಲಿ ಉಣ್ಣುತ್ತ. ಆಗ ನಾರಾಯಣ ಮೂರ್ತಿಯವರ ಕೈಯಲ್ಲಿ ಕಾಸಿರುತ್ತಿರಲಿಲ್ಲ. ಬಿಲ್ಲು ಕೊಡುತ್ತಿದ್ದವರು ಸುಧಾ. ಅದನ್ನು ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಬಾಕಿ ನಾಲ್ಕು ಸಾವಿರ ರೂಪಾಯಿ ದಾಟಿತ್ತು. 1978ರ ಫೆಬ್ರುವರಿ 10ರಂದು ಬೆಂಗಳೂರಿನ ಮನೆಯಲ್ಲಿ, ಎರಡೂ ಕುಟುಂಬದವರ ನಡುವೆ ಮದುವೆಯಾಯಿತು. ಖರ್ಚು 800 ರೂಪಾಯಿ, ಇಬ್ಬರೂ ಅರ್ಧರ್ಧ ಹಾಕಿದರು. ಸಾಲದ ಪುಸ್ತಕವನ್ನು ಸುಧಾ ಹರಿದು ಹಾಕಿದರು. 1981ರಲ್ಲಿ ಇನ್ಫೋಸಿಸ್ ಆರಂಭಿಸಲು ಗಂಡನ ಕೈಗಿತ್ತ ಹತ್ತು ಸಾವಿರ ರೂಪಾಯಿ ಅವರು ಕೂಡಿಟ್ಟ ಹಣ. ಮದುವೆಗೆ ಸಾಲ ಮಾಡಿಕೊಳ್ಳದವರ ಕೈಯಲ್ಲಿ ಉಳಿತಾಯ ನಿಲ್ಲುತ್ತದೆ ಎಂಬುದಕ್ಕೆ ಬೇರೆ ನಿದರ್ಶನ ಬೇಡ.

ಪಂಕ್ತಿಯಲ್ಲಿ ಯಾರಿರಬೇಕು?

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯ 1938ರಲ್ಲಿ ಆರಂಭಿಸಿದ ಅಧ್ಯಯನವೊಂದು ಅವೇ ವ್ಯಕ್ತಿಗಳ ಬಾಳನ್ನು ಹಲವು ದಶಕ ಹಿಂಬಾಲಿಸಿತು. ಐವತ್ತರ ವಯಸ್ಸಿನಲ್ಲಿ ತಮ್ಮ ಸಂಬಂಧಗಳ ಬಗ್ಗೆ ತೃಪ್ತಿಯಿದ್ದವರೇ ಎಂಬತ್ತರಲ್ಲಿ ಹೆಚ್ಚು ಆರೋಗ್ಯವಾಗಿದ್ದರು ಎಂಬುದು ಅಲ್ಲಿ ಕಂಡುಬಂದ ಅಂಶ. ಆಕ್ಸ್‌ಫರ್ಡ್‌ನ ರಾಬಿನ್ ಡನ್ಬಾರ್ 2017ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದಕ್ಕೆ ಪೂರಕವಾಗಿದೆ. ಇತರರೊಡನೆ ಹೆಚ್ಚಾಗಿ ಕೂತು ಉಣ್ಣುವವರು ಹೆಚ್ಚು ಸಂತೋಷವಾಗಿರುತ್ತಾರೆ, ಕಷ್ಟಕ್ಕೆ ಒದಗುವ ಗೆಳೆಯರೂ ಅವರಿಗೆ ಹೆಚ್ಚು. ಎರಡು ಸಾವಿರ ಜನ ಬಂದು ಉಂಡು ಹೋಗುವ ಮಂಟಪದಲ್ಲಿ ದಂಪತಿಗಳಿಗೆ ಯಾರೊಡನೆಯೂ ಎರಡು ಮಾತಾಡಲು ಬಿಡುವಿರುವುದಿಲ್ಲ. ಇಪ್ಪತ್ತು ಜನರ ಪಂಕ್ತಿಯಾದರೆ ಗಂಡ ಹೆಂಡತಿ ತಾವೇ ಬಡಿಸಬಹುದು, ಆಮೇಲೆ ಕೂತು ಹಳೆಯದನ್ನೆಲ್ಲ ಮಾತಾಡಬಹುದು.

ಇಲ್ಲೊಂದು ಲೆಕ್ಕವನ್ನು ಮರೆಯಬಾರದು. ಮದುವೆಯ ದಿನ ಬಡಿಸಿದ ಗೆಳೆಯರಲ್ಲಿ ಹೆಚ್ಚಿನವರು ದಂಪತಿಗಳ ಓರಗೆಯವರು. ಅರುವತ್ತರ ಊಟಕ್ಕೆ ಅವರಲ್ಲಿ ಬಹಳ ಮಂದಿ ಬರಬಲ್ಲರು. ಸಾವಿರ ಹುಣ್ಣಿಮೆಯ ಊಟಕ್ಕೆ ಕರೆಯಲು ಎಷ್ಟು ಜನ ಉಳಿದಿರುತ್ತಾರೆ? ಉಳಿದವರಲ್ಲಿ ಬಸ್ಸು ಹತ್ತಿ ಬರುವ ಶಕ್ತಿ ಎಷ್ಟು ಜನಕ್ಕಿರುತ್ತದೆ? ದೊಡ್ಡದಾಗಿ ಮಾಡೋಣವೆಂದು ಕಾಯುತ್ತ ಕೂತರೆ, ಕರೆಯಬೇಕಾದವರೇ ಇಲ್ಲವಾಗುತ್ತಾರೆ.

ಆದ್ದರಿಂದ ವಿದ್ಯಾರ್ಥಿಗಳಿಗೊಂದು ರಜೆಯ ಕೆಲಸ. ಅಜ್ಜ ಅಜ್ಜಿಯ ಹುಟ್ಟಿದ ದಿನ ಕೇಳಿ, ಅವರು ಎಷ್ಟು ಹುಣ್ಣಿಮೆ ದಾಟಿದ್ದಾರೆಂದು ಲೆಕ್ಕ ಹಾಕಿ. ಹುಟ್ಟಿದ ದಿನ ಅವರಿಗೆ ಗೊತ್ತಿಲ್ಲದಿದ್ದರೆ ಮದುವೆಯ ವರ್ಷವಾದರೂ ನೆನಪಿರುತ್ತದೆ, ಅಲ್ಲಿಂದ ಎಣಿಸಿ. ಆಮೇಲೆ ಮುಯ್ಯಿ ಪುಸ್ತಕವಿದ್ದರೆ ತೆಗೆಸಿ, ಅದರಲ್ಲಿರುವ ಹೆಸರುಗಳಲ್ಲಿ ಯಾರು ಎಲ್ಲಿದ್ದಾರೆಂದು ವಿಚಾರಿಸಿ ಒಂದು ಪಟ್ಟಿ ಮಾಡಿ. ತಂದೆ ತಾಯಿಯರು ಆ ಪಟ್ಟಿಯನ್ನು ನೋಡಿ, ಬರುವ ಹುಣ್ಣಿಮೆಗೇ ಅವರನ್ನು ಊಟಕ್ಕೆ ಕರೆಯಬಹುದು. ಅನ್ನ, ಸಾರು, ಒಂದು ಪಲ್ಯ, ಒಂದು ಪಾಯಸ ಸಾಕು.